ಆಡದ ಆಟಕ್ಕೆ ಬಂದ ಬಿಲ್ಲು

2014ರ ಅಕ್ಟೋಬರ್ 17, ಧರ್ಮಶಾಲಾ. ಟಾಸ್ ಹೊತ್ತಿಗೆ ಪಿಚ್ ಬಳಿ ಸಾಮಾನ್ಯವಾಗಿ ನಾಲ್ಕೇ ಜನ ಇರುತ್ತಾರೆ. ಇಬ್ಬರು ನಾಯಕರು, ಮ್ಯಾಚ್ ರೆಫರಿ, ಮೈಕ್ ಹಿಡಿದ ವೀಕ್ಷಕ ವಿವರಣೆಗಾರ. ಅಂದು ವೆಸ್ಟ್ ಇಂಡೀಸ್ ನಾಯಕ ಡ್ವೇನ್ ಬ್ರಾವೊ ಬಂದಾಗ ಅವರ ಬೆನ್ನಿಗೆ ಇಡೀ ತಂಡವೇ ಬಂದು ನಿಂತಿತು. ಯಾರೂ ಘೋಷಣೆ ಕೂಗಲಿಲ್ಲ, ಫಲಕ ಹಿಡಿಯಲಿಲ್ಲ. ಸುಮ್ಮನೆ ನಿಂತರು, ಅಷ್ಟೇ. ನೋಡಿದವರಿಗೆ ಅರ್ಥವಾಯಿತು.

ಪಂದ್ಯವೇನೋ ನಡೆಯಿತು. ಕೊಹ್ಲಿ 127 ಹೊಡೆದರು, ಮರ್ಲಾನ್ ಸ್ಯಾಮ್ಯುಯೆಲ್ಸ್ 112 ಹೊಡೆದರು, ಭಾರತ 59 ರನ್ನುಗಳಿಂದ ಗೆದ್ದಿತು. ಆದರೆ ಅಂದಿನ ಸುದ್ದಿ ಸ್ಕೋರ್‌ಬೋರ್ಡಿನಲ್ಲಿ ಇರಲಿಲ್ಲ. ವೆಸ್ಟ್ ಇಂಡೀಸ್ ತಂಡ ಪ್ರವಾಸವನ್ನು ಇಲ್ಲಿಗೇ ಕೈಬಿಟ್ಟು ಊರಿಗೆ ಹೊರಡುತ್ತಿದೆ ಎಂದು ಬಿಸಿಸಿಐ ಪ್ರಕಟಿಸಿತು. ನಿಲ್ಲಿಸುವ ತೀರ್ಮಾನ ತಾನು ಮಾಡಿಲ್ಲ ಎಂದು ವೆಸ್ಟ್ ಇಂಡೀಸ್ ಮಂಡಳಿ ಹೇಳಿತು. ಮನೆಗೆ ಬೀಗ ಹಾಕಿದವರು ಯಾರು ಎಂಬುದೇ ತಿಳಿಯದಂತೆ ಬೀಗ ಬಿದ್ದಿತ್ತು.

ಬಾಕಿ ಉಳಿದದ್ದು ಕೋಲ್ಕತ್ತದಲ್ಲಿ ಒಂದು ಏಕದಿನ, ಕಟಕ್‌ನಲ್ಲಿ ಒಂದು ಟಿ20, ಹೈದರಾಬಾದ್, ಬೆಂಗಳೂರು, ಅಹಮದಾಬಾದ್‌ಗಳಲ್ಲಿ ಮೂರು ಟೆಸ್ಟ್. ಒಟ್ಟು 17 ದಿನಗಳ ಆಟ. ಇದಕ್ಕೂ ಮೂರು ದಿನ ಮೊದಲು ವಿಶಾಖಪಟ್ಟಣದ ಏಕದಿನ ಪಂದ್ಯವೂ ನಡೆದಿರಲಿಲ್ಲ; ಹುದ್‌ಹುದ್ ಚಂಡಮಾರುತ ಊರನ್ನೇ ಮಲಗಿಸಿತ್ತು. ಚಂಡಮಾರುತಕ್ಕೆ ಯಾರೂ ನೋಟಿಸ್ ಕಳಿಸಲಿಲ್ಲ. ಉಳಿದ 17 ದಿನಗಳಿಗೆ ಮಾತ್ರ ಬಿಲ್ಲು ಹೋಯಿತು. ಅಕ್ಟೋಬರ್ 21ರಂದು ಹೈದರಾಬಾದಿನಲ್ಲಿ ಸೇರಿದ ಬಿಸಿಸಿಐ ಕಾರ್ಯಕಾರಿ ಸಮಿತಿ ವೆಸ್ಟ್ ಇಂಡೀಸ್ ಜೊತೆಗಿನ ದ್ವಿಪಕ್ಷೀಯ ಪ್ರವಾಸಗಳನ್ನೆಲ್ಲ ತಡೆಹಿಡಿಯಿತು, ಕಾನೂನು ಕ್ರಮಕ್ಕೂ ತೀರ್ಮಾನಿಸಿತು. ತಿಂಗಳ ಕೊನೆಗೆ ಕಾರ್ಯದರ್ಶಿ ಸಂಜಯ್ ಪಟೇಲ್ ಅವರ ಪತ್ರ ಹೋಯಿತು. ಕೇಳಿದ ಮೊತ್ತ 4.197 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 250 ಕೋಟಿ ರೂಪಾಯಿ. ಅದರಲ್ಲಿ ಸಿಂಹಪಾಲು ಟಿವಿ ಪ್ರಸಾರ ಹಕ್ಕಿನ ನಷ್ಟ. ಟಿಕೆಟ್ ಮತ್ತು ಪ್ರಾಯೋಜಕರ ಹಣ ಅದರ ಮುಂದೆ ಚಿಲ್ಲರೆ.

ಆ ಬಿಲ್ಲು ಕೊನೆಗೆ ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಲಿಲ್ಲ. ಕ್ರಿಕೆಟ್ ಮಂಡಳಿಗಳ ನಡುವಿನ ಇಂಥ ಜಗಳಗಳನ್ನು ಕಳೆದ ಎರಡು ದಶಕಗಳಿಂದ ಹಿಂಬಾಲಿಸಿದರೆ ಕಾಣುವುದು ಒಂದೇ ವಿನ್ಯಾಸ. ಬಿಲ್ಲು ದೊಡ್ಡದು, ದನಿ ಇನ್ನೂ ದೊಡ್ಡದು, ವಸೂಲಿ ಮಾತ್ರ ರೊಕ್ಕದಲ್ಲಿ ಆಗುವುದು ಅಪರೂಪ. ಯಾಕೆ ಹೀಗೆ ಎಂದು ಕೇಳಿದರೆ ಉತ್ತರಕ್ಕೆ ಕಾನೂನು ಪುಸ್ತಕಕ್ಕಿಂತ ಮೊದಲು ನಮ್ಮ ಮದುವೆ ಮನೆಗೆ ಹೋಗಬೇಕು.

ಮದುವೆಯಲ್ಲಿ ಮುಯ್ಯಿ ಓದಿಸುವುದನ್ನು ನೋಡದ ಕನ್ನಡಿಗರು ಕಡಿಮೆ. ಚಪ್ಪರದ ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಬರೆದುಕೊಳ್ಳುತ್ತಾರೆ: ಇಂಥವರು ಇಷ್ಟು. ಅದು ದಾನವೂ ಅಲ್ಲ, ಸಾಲವೂ ಅಲ್ಲ. ಅವರ ಮನೆಯಲ್ಲಿ ಮದುವೆಯಾದಾಗ ನಾವು ಹೋಗಬೇಕು, ಅಷ್ಟನ್ನೋ ಒಂದು ರೂಪಾಯಿ ಸೇರಿಸಿಯೋ ಹಾಕಿ ಬರಬೇಕು. ಹೋಗದಿದ್ದರೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಮುಖ ತಿರುಗಿಸುತ್ತಾರೆ. ಎರಡು ದೇಶಗಳ ನಡುವಿನ ಕ್ರಿಕೆಟ್ ಪ್ರವಾಸ ನಡೆಯುವುದು ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ. ಪ್ರಸಾರ ಹಕ್ಕು, ಟಿಕೆಟ್, ಜಾಹೀರಾತು ಫಲಕ, ಸರಣಿಯ ಹೆಸರು ಮಾರಿದ ಹಣ, ಎಲ್ಲವೂ ಆತಿಥೇಯ ಮಂಡಳಿಗೆ. ಬಂದ ತಂಡದ ಮಂಡಳಿಗೆ ಆ ಗಳಿಕೆಯಲ್ಲಿ ಪಾಲಿಲ್ಲ. ಅದರ ಗಳಿಕೆ ಮುಂದೆ, ಈಚೆಯವರು ಅಲ್ಲಿಗೆ ಹೋದಾಗ. ಐಸಿಸಿಯ ಭವಿಷ್ಯದ ಪ್ರವಾಸ ವೇಳಾಪಟ್ಟಿ ಎಂದು ದೊಡ್ಡ ಹೆಸರಿಟ್ಟು ಕರೆಯುವ ದಾಖಲೆ ಬಹುಮಟ್ಟಿಗೆ ಈ ಮುಯ್ಯಿ ಪುಸ್ತಕವೇ. ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ವಕೀಲರ ಬಳಿ ಹೋದಾಗಲೇ ಎಲ್ಲ ತೊಡಕು ಶುರುವಾಗುವುದು.

ಧರ್ಮಶಾಲಾದ ಕತೆಗೆ ವಾಪಸು ಬರೋಣ. ಅಲ್ಲಿ ಜಗಳ ಬಿಸಿಸಿಐ ಜೊತೆಗೆ ಇರಲೇ ಇಲ್ಲ. ಅದು ಮೂರು ಮೂಲೆಯ ಮನೆಜಗಳ: ವೆಸ್ಟ್ ಇಂಡೀಸ್ ಮಂಡಳಿ, ಆಟಗಾರರ ಸಂಘ, ಆಟಗಾರರು. 2014ರ ಸೆಪ್ಟೆಂಬರ್‌ನಲ್ಲಿ ಮಂಡಳಿಯೂ ಸಂಘದ ಮುಖ್ಯಸ್ಥ ವೇವೆಲ್ ಹೈಂಡ್ಸ್ ಅವರೂ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಉದ್ದೇಶ ಕೆಟ್ಟದ್ದೇನಲ್ಲ. ಆರು ಪ್ರಾದೇಶಿಕ ತಂಡಗಳ ತಲಾ 15 ಆಟಗಾರರಿಗೆ ಸಂಬಳದ ಕೆಲಸ ಕೊಟ್ಟು ದೇಶೀಯ ಕ್ರಿಕೆಟನ್ನು ವೃತ್ತಿಯಾಗಿ ಕಟ್ಟುವುದು. ಅದಕ್ಕೆ ಬೇಕಾದ ಹಣದ ಒಂದು ಮೂಲ, ಅದುವರೆಗೆ ಅಂತಾರಾಷ್ಟ್ರೀಯ ಆಟಗಾರರ ಕೈ ಸೇರುತ್ತಿದ್ದ ಪ್ರಾಯೋಜಕತ್ವದ ಪಾಲು. ಭಾರತಕ್ಕೆ ಬಂದಿಳಿದ ಮೇಲೆ ಹೊಸ ಕರಾರಿನ ವಿವರ ನೋಡಿದ ಬ್ರಾವೊ ಬಳಗ ಬೆಚ್ಚಿತು. ಗಳಿಕೆ ಶೇ. 75ರವರೆಗೆ ಕುಸಿಯುತ್ತದೆ ಎಂಬುದು ಅವರ ದೂರು. ನಮ್ಮನ್ನು ಕೇಳದೆ ನಮ್ಮ ಹೆಸರಲ್ಲಿ ಸಹಿ ಹಾಕಿದ್ದು ಹೇಗೆ ಎಂದು ಹೈಂಡ್ಸ್‌ಗೆ ಪತ್ರದ ಮೇಲೆ ಪತ್ರ ಬರೆದರು, ರಾಜೀನಾಮೆ ಕೇಳಿದರು. ಅಕ್ಟೋಬರ್ 8ರ ಕೊಚ್ಚಿ ಪಂದ್ಯವೇ ನಡೆಯುವುದು ಅನುಮಾನವಾಗಿತ್ತು. ನಡೆಯಿತು, ವೆಸ್ಟ್ ಇಂಡೀಸ್ 124 ರನ್ನುಗಳಿಂದ ಗೆದ್ದೂ ಬಿಟ್ಟಿತು. ಮುಂದಿನ ಹತ್ತು ದಿನ ಒಡಕು ಹೆಚ್ಚಿತೇ ಹೊರತು ಕೂಡಲಿಲ್ಲ.

ವೆಸ್ಟ್ ಇಂಡೀಸ್‌ಗೆ ಇದು ಹೊಸ ರೋಗವಲ್ಲ. 1998ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕಿದ್ದ ಲಾರಾ ತಂಡ ಸಂಬಳದ ಜಗಳಕ್ಕೆ ಲಂಡನ್ನಿನ ಹೀಥ್ರೂ ಬಳಿಯ ಹೋಟೆಲಿನಲ್ಲಿ ಠಿಕಾಣಿ ಹೂಡಿತ್ತು. 2009ರಲ್ಲಿ ಬಾಂಗ್ಲಾದೇಶ ಬಂದಾಗ ಪ್ರಮುಖ ಆಟಗಾರರು ಮುಷ್ಕರ ಹೂಡಿದರು. ಮಂಡಳಿ ಫ್ಲಾಯ್ಡ್ ರೀಫರ್ ನಾಯಕತ್ವದಲ್ಲಿ ಹೊಸ ತಂಡ ಇಳಿಸಿತು, ಎರಡೂ ಟೆಸ್ಟ್ ಸೋತಿತು. ಬಾಂಗ್ಲಾದೇಶ ವಿದೇಶದಲ್ಲಿ ಗೆದ್ದ ಮೊದಲ ಟೆಸ್ಟ್ ಸರಣಿ ಅದು. ಆಟದ ಮಟ್ಟಿಗೆ ಮರ್ಯಾದೆ ಹೋಯಿತು ನಿಜ, ಆದರೆ ಪ್ರವಾಸ ಉಳಿಯಿತು. ಯಾರೂ ಯಾರಿಗೂ ಬಿಲ್ಲು ಕಳಿಸುವ ಪ್ರಸಂಗ ಬರಲಿಲ್ಲ. 2014ರಲ್ಲಿ ಜಗಳ ಸಿಡಿದದ್ದು ತನ್ನ ಮನೆಯಲ್ಲಲ್ಲ, ಸಾವಿರಾರು ಮೈಲಿ ದೂರದ ಪರರ ಅಂಗಳದಲ್ಲಿ. ಅದೂ ಜಗತ್ತಿನ ಅತ್ಯಂತ ಶ್ರೀಮಂತ ಮಂಡಳಿಯ ಅಂಗಳದಲ್ಲಿ.

ಈಗ ಕಾನೂನಿನ ಕಣ್ಣಿಂದ ನೋಡೋಣ. ಈ ಪ್ರಕರಣ ನಮ್ಮ ದೇಶದ ನ್ಯಾಯಾಲಯಕ್ಕೆ ಬಂದಿದ್ದರೆ ಮೊದಲು ತೆರೆಯಬೇಕಿದ್ದುದು 1872ರ ಭಾರತೀಯ ಕರಾರು ಅಧಿನಿಯಮ. ಅದರ 73ನೇ ಕಲಂ ಪ್ರಕಾರ ಕರಾರು ಮುರಿದವನು ಅದರಿಂದ ಸಹಜವಾಗಿ ಆಗುವ ನಷ್ಟ ತುಂಬಿಕೊಡಬೇಕು. ದೂರದ, ಪರೋಕ್ಷ ನಷ್ಟಕ್ಕೆ ಅವನು ಹೊಣೆಯಲ್ಲ. ಇದರ ಜೊತೆಗೆ ಒಂದು ವಿವರಣೆ ಇದೆ, ಮಂಡಳಿಗಳ ಬಿಲ್ಲುಗಳಲ್ಲಿ ಯಾವಾಗಲೂ ಕಾಣೆಯಾಗುವುದು ಅದೇ: ನಷ್ಟಕ್ಕೆ ಒಳಗಾದವನ ಕೈಯಲ್ಲಿ ನಷ್ಟ ತಗ್ಗಿಸುವ ದಾರಿಗಳೇನಿದ್ದವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಸಿಸಿಐ ಕೈಯಲ್ಲಿ ದಾರಿ ಇತ್ತು, ಅದು ಹಿಡಿಯಿತು ಕೂಡ. ಶ್ರೀಲಂಕಾವನ್ನು ಕರೆಯಿತು. ಆಟವಿಲ್ಲದ ಬಿಡುವಿನಲ್ಲಿದ್ದ ಶ್ರೀಲಂಕಾ ತಂಡ ತರಾತುರಿಯಲ್ಲಿ ಬಂದು ನವೆಂಬರ್ 2ರಿಂದ 16ರವರೆಗೆ ಐದು ಏಕದಿನ ಪಂದ್ಯ ಆಡಿ ಐದನ್ನೂ ಸೋತು ಹೋಯಿತು. ಕೋಲ್ಕತ್ತ ಅಕ್ಟೋಬರ್ 20ರಂದು ಕಳೆದುಕೊಂಡ ಪಂದ್ಯ ನವೆಂಬರ್ 13ರಂದು ಸಿಕ್ಕಿತು, ಅದೇ ಪಂದ್ಯದಲ್ಲಿ ರೋಹಿತ್ ಶರ್ಮ 264 ಹೊಡೆದರು. ವೆಸ್ಟ್ ಇಂಡೀಸ್ ಓಡಿಹೋಗದಿದ್ದರೆ ಏಕದಿನ ಕ್ರಿಕೆಟ್ಟಿನ ಆ ವಿಶ್ವದಾಖಲೆ ಹುಟ್ಟುತ್ತಲೇ ಇರಲಿಲ್ಲ! ಕಟಕ್, ಅಹಮದಾಬಾದ್, ಹೈದರಾಬಾದ್‌ಗಳಿಗೂ ಒಂದೊಂದು ಪಂದ್ಯ ದಕ್ಕಿತು. ಬೆಂಗಳೂರಿನ ತಟ್ಟೆಗೆ ಮಾತ್ರ ಏನೂ ಬೀಳಲಿಲ್ಲ. ಆ ಸರಣಿಯಿಂದ ಬಂದ ಆದಾಯವನ್ನು 4.2 ಕೋಟಿ ಡಾಲರಿನಿಂದ ಕಳೆಯಬೇಕೋ ಬೇಡವೋ? ನ್ಯಾಯಾಧೀಶರು ಕೇಳುತ್ತಿದ್ದ ಮೊದಲ ಪ್ರಶ್ನೆ ಬಹುಶಃ ಅದೇ.

ಎರಡನೆಯ ಪ್ರಶ್ನೆ ಇನ್ನೂ ಗಡುಸು. ನಮ್ಮ ಆಟಗಾರರೇ ಮುಷ್ಕರ ಹೂಡಿದರು, ನಾವೇನು ಮಾಡೋಣ ಎಂದು ಮಂಡಳಿ ಹೇಳಬಹುದೇ? ಹೇಳಲಾಗದು ಎಂಬುದೇ ನನ್ನ ಅಭಿಪ್ರಾಯ. ಅಡುಗೆಯವರು ಮುನಿಸಿಕೊಂಡರು ಎಂದು ಛತ್ರದವರು ಮದುವೆ ಊಟ ತಪ್ಪಿಸಿದರೆ ಬೀಗರು ಕೇಳುತ್ತಾರೆಯೇ? ಕೆಲಸಗಾರರ ಜೊತೆಗಿನ ಒಪ್ಪಂದ ಮಾಲೀಕನ ಹೊಣೆ. ಆ ಲೆಕ್ಕದಲ್ಲಿ ಬಿಸಿಸಿಐ ದೂರಿನಲ್ಲಿ ತಿರುಳಿತ್ತು. ತಿರುಳಿಲ್ಲದ್ದು ಮೊತ್ತದಲ್ಲಿ, ಕೊಡಬೇಕಾದವನ ಬಳಿ ಇಲ್ಲದ ಮೊತ್ತ ಅದು. ಹತ್ತಾರು ಪುಟ್ಟ ಕೆರಿಬಿಯನ್ ದೇಶಗಳು ಸೇರಿ ನಡೆಸುವ, ಆಗಲೇ ಕೈಕಟ್ಟಿದ್ದ ಮಂಡಳಿಗೆ ಅಷ್ಟು ಹಣ ಕಟ್ಟು ಎಂದರೆ ಬಾಗಿಲು ಮುಚ್ಚು ಎಂದ ಹಾಗೆ. ಸೇಂಟ್ ವಿನ್ಸೆಂಟ್ ಪ್ರಧಾನಿ ರಾಲ್ಫ್ ಗೊನ್ಸಾಲ್ವೆಸ್ ಮಧ್ಯಸ್ಥಿಕೆಗೆ ಇಳಿದದ್ದು ಅದಕ್ಕೇ. ಒಂದು ಆಟದ ಸಾಲಕ್ಕೆ ಒಂದು ದೇಶದ ಪ್ರಧಾನಿ ಜಾಮೀನಿನ ಮಾತಾಡುವ ಸ್ಥಿತಿ ಬಂದಿತ್ತು.

ಆಮೇಲೆ ಏನಾಯಿತು? ಬಿಸಿಸಿಐನಲ್ಲಿ ಆಡಳಿತ ಬದಲಾಯಿತು, 2015ರ ಅಕ್ಟೋಬರ್‌ನಲ್ಲಿ ಶಶಾಂಕ್ ಮನೋಹರ್ ಅಧ್ಯಕ್ಷರಾದರು, ಮಾತುಕತೆಯ ಬಾಗಿಲು ತೆರೆಯಿತು. ಬಿಲ್ಲು ಕಪಾಟು ಸೇರಿತು. 2016ರ ಜುಲೈಯಲ್ಲಿ ಭಾರತ ತಂಡ ವೆಸ್ಟ್ ಇಂಡೀಸ್‌ಗೆ ನಾಲ್ಕು ಟೆಸ್ಟ್ ಆಡಲು ಹೋಯಿತು. ಮುಖ್ಯ ತರಬೇತುದಾರರಾಗಿ ನಮ್ಮ ಅನಿಲ್ ಕುಂಬ್ಳೆಯವರ ಮೊದಲ ಪ್ರವಾಸ ಅದು. ಕಿಂಗ್‌ಸ್ಟನ್‌ನಲ್ಲಿ ಕೆ.ಎಲ್. ರಾಹುಲ್ 158 ಹೊಡೆದರು. ಆಗಸ್ಟ್ ಕೊನೆಗೆ ಅಮೆರಿಕದ ಫ್ಲಾರಿಡಾದಲ್ಲಿ ಎರಡು ಟಿ20 ಸೇರಿಸಿದರು. ಮೊದಲನೆಯದರಲ್ಲಿ ರಾಹುಲ್ ಅಜೇಯ 110 ಬಾರಿಸಿಯೂ ಭಾರತ ಒಂದೇ ರನ್ನಿನಿಂದ ಸೋತಿತು. ಆ ಪಂದ್ಯಗಳ ಪ್ರಸಾರದ ಹಣ ಹೋದದ್ದು ಸಾಲಗಾರನ ಜೇಬಿಗೆ ಎಂಬುದನ್ನು ಗಮನಿಸಬೇಕು. ಬಾಕಿದಾರನ ಮನೆಗೆ ಸಾಲ ಕೊಟ್ಟವನೇ ಹೋಗಿ ಅವನ ಒಲೆ ಹೊತ್ತಿಸಿ ಬಂದ. 2018ರ ಅಕ್ಟೋಬರ್‌ನಲ್ಲಿ ವೆಸ್ಟ್ ಇಂಡೀಸ್ ಇಲ್ಲಿಗೆ ಬಂತು: ಎರಡು ಟೆಸ್ಟ್, ಐದು ಏಕದಿನ, ಮೂರು ಟಿ20. ಚಂಡಮಾರುತ ನುಂಗಿದ್ದ ವಿಶಾಖಪಟ್ಟಣಕ್ಕೂ ಒಂದು ಪಂದ್ಯ ಸಿಕ್ಕಿ, ಅದು ಟೈ ಆಯಿತು.

ದಂಡ ತೆತ್ತವರು ಯಾರೂ ಇಲ್ಲವೇ? ಇದ್ದಾರೆ. ಬ್ರಾವೊ, ಕೀರನ್ ಪೊಲಾರ್ಡ್ ಇಬ್ಬರನ್ನೂ ಮುಂದಿನ ದಕ್ಷಿಣ ಆಫ್ರಿಕಾ ಏಕದಿನ ಸರಣಿಯಿಂದಲೂ 2015ರ ವಿಶ್ವಕಪ್‌ನಿಂದಲೂ ಹೊರಗಿಟ್ಟರು. 23 ವರ್ಷದ ಜೇಸನ್ ಹೋಲ್ಡರ್ ಹೆಗಲಿಗೆ ನಾಯಕತ್ವ ಬಿತ್ತು. ಮಂಡಳಿಯದೇ ಪರಿಶೀಲನಾ ಸಮಿತಿ ತಪ್ಪು ಮೂರೂ ಕಡೆಯವರದು ಎಂದಿತ್ತು. 2015ರಲ್ಲಿ ಕೆರಿಬಿಯನ್ ಸರ್ಕಾರಗಳ ಒಕ್ಕೂಟದ ಸಮಿತಿ ಇನ್ನೂ ಮುಂದೆ ಹೋಗಿ ಮಂಡಳಿಯನ್ನೇ ವಿಸರ್ಜಿಸಿ ಎಂದಿತು. ಮಂಡಳಿ ವಿಸರ್ಜನೆಯಾಗಲಿಲ್ಲ. 2017ರಲ್ಲಿ ಹೆಸರು ಬದಲಿಸಿಕೊಂಡಿತು.

ವೆಸ್ಟ್ ಇಂಡೀಸ್ ವಿಷಯದಲ್ಲಿ ನ್ಯಾಯಪೀಠದವರೆಗೆ ಹೋಗದ ಪ್ರಶ್ನೆ ಇನ್ನೊಂದು ಪ್ರಕರಣದಲ್ಲಿ ಹೋಯಿತು. ಅದರ ಬೀಜವೂ ಅದೇ 2014ರದು. ಆ ವರ್ಷದ ಆರಂಭದಲ್ಲಿ ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ ಮೂರೂ ಸೇರಿ ಐಸಿಸಿಯ ಹಣ, ಅಧಿಕಾರಗಳನ್ನು ಹೊಸದಾಗಿ ಹಂಚಿಕೊಳ್ಳಲು ಹೊರಟಿದ್ದವು. ಉಳಿದ ಮಂಡಳಿಗಳ ಒಪ್ಪಿಗೆ ಬೇಕಿತ್ತು. ಪಾಕಿಸ್ತಾನ ಮೊದಲು ಒಲ್ಲೆ ಎಂದಿತು, ಆಮೇಲೆ ಒಪ್ಪಿತು. ಒಪ್ಪಿದ್ದರ ಹಿಂದೆ ಒಂದು ಕಾಗದವಿತ್ತು: 2014ರ ಏಪ್ರಿಲ್ 9ರ ಪತ್ರ. ಸಹಿ ಅದೇ ಸಂಜಯ್ ಪಟೇಲ್ ಅವರದು. 2015ರಿಂದ 2023ರೊಳಗೆ ಎರಡೂ ದೇಶ ಆರು ಸರಣಿ ಆಡುವುದು, ನಾಲ್ಕಕ್ಕೆ ಪಾಕಿಸ್ತಾನವೇ ಆತಿಥೇಯ. ವೆಸ್ಟ್ ಇಂಡೀಸ್‌ಗೆ ಬಿಲ್ಲು ಕಳಿಸಿದ ಕೈಯೇ ಆರು ತಿಂಗಳ ಹಿಂದೆ ತನ್ನ ಮೇಲೆ ಬಿಲ್ಲು ಬರುವಂಥ ಕಾಗದಕ್ಕೂ ಸಹಿ ಹಾಕಿತ್ತು ಎಂಬುದು ಈ ಇತಿಹಾಸದ ಸಣ್ಣ ಕುಚೋದ್ಯ.

ಒಂದು ಸರಣಿಯೂ ನಡೆಯಲಿಲ್ಲ. ಭಾರತ ಸರ್ಕಾರದ ಅನುಮತಿ ಇಲ್ಲ ಎಂದು ಬಿಸಿಸಿಐ ಹೇಳಿತು. ಪಾಕಿಸ್ತಾನದ ಮಂಡಳಿ ಪಿಸಿಬಿ 6 ಕೋಟಿ ಡಾಲರ್ ಮೀರಿದ ಪರಿಹಾರ ಕೇಳಿ ಐಸಿಸಿಯ ವಿವಾದ ಸಮಿತಿಗೆ ಹೋಯಿತು. ಇಂಗ್ಲೆಂಡಿನ ಹೆಸರಾಂತ ಕ್ರೀಡಾ ವಕೀಲ ಮೈಕಲ್ ಬೆಲೊಫ್ ಅಧ್ಯಕ್ಷರು. ಯಾನ್ ಪಾಲ್ಸನ್, ಆನಬೆಲ್ ಬೆನೆಟ್ ಸದಸ್ಯರು. 2018ರ ಅಕ್ಟೋಬರ್ ಮೊದಲ ವಾರ ದುಬೈನಲ್ಲಿ ಮೂರು ದಿನ ವಿಚಾರಣೆ. ನಮ್ಮ ಮಾಜಿ ವಿದೇಶಾಂಗ ಸಚಿವ ಸಲ್ಮಾನ್ ಖುರ್ಷಿದ್ ಬಿಸಿಸಿಐ ಪರ ಸಾಕ್ಷಿ ಹೇಳಿದರು. ಕ್ರಿಕೆಟ್ ಆಡಬೇಕೋ ಬೇಡವೋ ಎಂಬ ವಿಷಯಕ್ಕೆ ಭಾರತ–ಪಾಕಿಸ್ತಾನ ಸಂಬಂಧದ ಪೂರ್ವಾಪರವನ್ನೆಲ್ಲ ಪಾಟೀಸವಾಲಿಗೆ ಒಡ್ಡಿದ ವಿಚಾರಣೆ ಅದು.

ನವೆಂಬರ್ 20ರಂದು ತೀರ್ಪು ಬಂತು. ಪಿಸಿಬಿ ಅರ್ಜಿ ವಜಾ. ಆ ಪತ್ರ ಕಾನೂನಿನ ಬಲವುಳ್ಳ ಕರಾರಲ್ಲ, ಇಂಗಿತ ತಿಳಿಸುವ ಕಾಗದ; ಬಿಸಿಸಿಐಗೆ ಅದರಿಂದ ನೈತಿಕ ಹೊಣೆ ಇರಬಹುದು, ಕಾನೂನಿನ ಹೊಣೆ ಇಲ್ಲ ಎಂಬುದು ಸಮಿತಿಯ ನಿಲುವಿನ ಸಾರ. ಮುಯ್ಯಿ ಪುಸ್ತಕದಲ್ಲಿ ಬರೆದದ್ದನ್ನು ಪ್ರಾಮಿಸರಿ ನೋಟು ಎನ್ನಲು ಬರುವುದಿಲ್ಲ, ಅಷ್ಟೇ ಮಾತು. ಮುಂದಿನ ತಿಂಗಳು ಖರ್ಚಿನ ಆದೇಶವೂ ಬಂತು: ಬಿಸಿಸಿಐ ಖರ್ಚಿನ ಶೇ. 60ನ್ನು ಪಿಸಿಬಿ ಕೊಡಬೇಕು. ಪೂರ್ತಿ ಖರ್ಚು ಕೊಡಿಸದೆ 60ಕ್ಕೆ ನಿಲ್ಲಿಸಿದ್ದರಲ್ಲಿ, ಪಾಕಿಸ್ತಾನದ ದೂರು ತೀರ ಹುಸಿಯಲ್ಲ ಎಂಬ ಧ್ವನಿ ನನಗಂತೂ ಕೇಳುತ್ತದೆ. 2019ರ ಮಾರ್ಚ್‌ನಲ್ಲಿ ಪಿಸಿಬಿ ಅಧ್ಯಕ್ಷ ಎಹ್ಸಾನ್ ಮಾನಿ 16 ಲಕ್ಷ ಡಾಲರ್ ಬಿಸಿಸಿಐಗೆ ಕಟ್ಟಿದ್ದಾಗಿ ಹೇಳಿದರು. ಇಡೀ ಈ ಇತಿಹಾಸದಲ್ಲಿ ಒಂದು ಮಂಡಳಿಯಿಂದ ಇನ್ನೊಂದಕ್ಕೆ ಎಲ್ಲರೂ ನೋಡುವಂತೆ ರೊಕ್ಕ ದಾಟಿದ ಪ್ರಕರಣ ಬಹುಶಃ ಇದೊಂದೇ. ಅದೂ ಕೇಳಿದವನೇ ಕೊಟ್ಟದ್ದು, ಅದೂ ವಕೀಲರ ಖರ್ಚಿಗೆ.

ಸರ್ಕಾರದ ಅನುಮತಿ ಎಂಬ ಈ ಗುರಾಣಿಯ ಹುಟ್ಟು ತಿಳಿಯಲು ಜಿಂಬಾಬ್ವೆಗೆ ಹೋಗಬೇಕು. 2003ರ ವಿಶ್ವಕಪ್‌ನಲ್ಲಿ ಹರಾರೆಗೆ ಹೋಗಲು ಇಂಗ್ಲೆಂಡ್ ತಂಡ ಒಪ್ಪಲಿಲ್ಲ. ಐಸಿಸಿ ಇಂಗ್ಲೆಂಡ್ ಮಂಡಳಿಗೆ ಕೊಡಬೇಕಿದ್ದ ಹಣದಲ್ಲಿ 35 ಲಕ್ಷ ಡಾಲರ್ ಹಿಡಿದುಕೊಂಡಿತು. ಮರುವರ್ಷ ಐಸಿಸಿ ನಿಯಮ ಬಿಗಿ ಮಾಡಿತು: ಒಪ್ಪಿದ ಪ್ರವಾಸ ತಪ್ಪಿಸಲು ಎರಡೇ ಕಾರಣ ಸಲ್ಲುತ್ತವೆ, ಒಂದು ಭದ್ರತೆ, ಇನ್ನೊಂದು ಸರ್ಕಾರದ ಸ್ಪಷ್ಟ ಆದೇಶ. ಇಲ್ಲದಿದ್ದರೆ ಕನಿಷ್ಠ 20 ಲಕ್ಷ ಡಾಲರ್ ದಂಡ. ನೈತಿಕ ಅಸಹ್ಯ ಎಂಬ ಮೂರನೆಯ ಕಾರಣಕ್ಕೆ ಜಾಗವಿರಲಿಲ್ಲ. ಜಿಂಬಾಬ್ವೆಯ ಮುಗಾಬೆ ಆಡಳಿತವನ್ನು ಬಾಯಿತುಂಬ ಬೈಯುತ್ತಿದ್ದ ಬ್ರಿಟಿಷ್ ಸರ್ಕಾರ ಆಗ ಆದೇಶ ಮಾತ್ರ ಕೊಡಲಿಲ್ಲ. 2004ರ ಕೊನೆಗೆ ಇಂಗ್ಲೆಂಡ್ ತಂಡ ಗೊಣಗುತ್ತಲೇ ಜಿಂಬಾಬ್ವೆಗೆ ಹೋಗಿ ಆಡಿ ಬಂತು. 2007ರಲ್ಲಿ ಆಸ್ಟ್ರೇಲಿಯಾ ಪ್ರಧಾನಿ ಜಾನ್ ಹೊವರ್ಡ್ ಆ ಅಳುಕು ತೋರಲಿಲ್ಲ. ದಂಡ ಬಿದ್ದರೆ ಸರ್ಕಾರವೇ ಕಟ್ಟುತ್ತದೆ ಎಂದರು, ಕೊನೆಗೆ ಪ್ರವಾಸವನ್ನೇ ನಿಷೇಧಿಸಿದರು. ಆದೇಶ ಬಂದ ಮೇಲೆ ದಂಡದ ಮಾತೇ ಇಲ್ಲ. ಹೋಗಲು ಮನಸ್ಸಿಲ್ಲದ ಮಂಡಳಿಗೆ ತನ್ನ ಸರ್ಕಾರದ ಬೇಡ ಎಂಬ ಒಂದು ಸಾಲಿಗಿಂತ ದೊಡ್ಡ ವಿಮೆ ಬೇರೆ ಇಲ್ಲ ಎಂದು ಎಲ್ಲರಿಗೂ ತಿಳಿದದ್ದು ಆಗಲೇ.

ಇದಕ್ಕೆ ತದ್ವಿರುದ್ಧ ನಡತೆಯ ಒಂದು ಉದಾಹರಣೆಯನ್ನು ನೆನೆಯದಿದ್ದರೆ ಅನ್ಯಾಯವಾದೀತು. 2008ರ ನವೆಂಬರ್ 26ರ ಮುಂಬೈ ದಾಳಿಯ ವೇಳೆ ಇಂಗ್ಲೆಂಡ್ ತಂಡ ಭಾರತದಲ್ಲೇ ಇತ್ತು. ಕೊನೆಯ ಎರಡು ಏಕದಿನ ಪಂದ್ಯ ರದ್ದಾದವು, ತಂಡ ಊರಿಗೆ ಹೋಯಿತು. ಆ ಸ್ಥಿತಿಯಲ್ಲಿ ವಾಪಸು ಬರದಿದ್ದರೆ ಕೇಳುವವರಿರಲಿಲ್ಲ. ಆದರೆ ಬಂದರು. ಡಿಸೆಂಬರ್ 11ರಂದು ಚೆನ್ನೈ ಟೆಸ್ಟ್ ಶುರುವಾಯಿತು. ಸಚಿನ್ ಅಜೇಯ ಶತಕದೊಡನೆ ಭಾರತ 387ರ ಗುರಿ ಮುಟ್ಟಿತು. ರದ್ದಾದ ಎರಡು ಪಂದ್ಯಗಳಿಗೆ ಬಿಲ್ಲು ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹದಿಮೂರು ವರ್ಷದ ನಂತರ ಪಾತ್ರಗಳು ಅದಲುಬದಲಾದವು. 2021ರ ಸೆಪ್ಟೆಂಬರ್ 10, ಮ್ಯಾಂಚೆಸ್ಟರ್. ಐದನೆಯ ಟೆಸ್ಟ್ ಶುರುವಾಗಬೇಕಿದ್ದ ಬೆಳಿಗ್ಗೆಯೇ ರದ್ದಾಯಿತು. ತರಬೇತುದಾರ ರವಿ ಶಾಸ್ತ್ರಿ ಸೇರಿ ಭಾರತದ ಸಿಬ್ಬಂದಿಯ ಕೆಲವರಿಗೆ ಕೋವಿಡ್ ಬಂದಿತ್ತು. ಆಟಗಾರರ ಪರೀಕ್ಷೆಯಲ್ಲಿ ಸೋಂಕು ಕಂಡಿರಲಿಲ್ಲ, ಆದರೂ ಇಳಿಯಲು ಅವರು ಹಿಂಜರಿದರು. ಒಂಬತ್ತು ದಿನಕ್ಕೆ ಯುಎಇಯಲ್ಲಿ ಐಪಿಎಲ್‌ನ ಉಳಿದ ಭಾಗ ಶುರುವಾಗಲಿತ್ತು ಎಂಬುದನ್ನು ಇಂಗ್ಲಿಷ್ ಪತ್ರಿಕೆಗಳು ಮರೆಯಲಿಲ್ಲ. ಇಂಗ್ಲೆಂಡ್ ಮಂಡಳಿಯ ಮೊದಲ ಹೇಳಿಕೆಯಲ್ಲಿ ಭಾರತ ಪಂದ್ಯ ಬಿಟ್ಟುಕೊಟ್ಟಿದೆ ಎಂಬರ್ಥದ ಪದವಿತ್ತು, ಸ್ವಲ್ಪ ಹೊತ್ತಿಗೆ ಅದು ಮಾಯವಾಯಿತು. ಈ ಒಂದು ಪದದ ಮೇಲೆ ಸುಮಾರು 4 ಕೋಟಿ ಪೌಂಡ್ ನಿಂತಿತ್ತು. ರದ್ದು ಎಂದರೆ ಸರಣಿ 2–1ಕ್ಕೆ ಭಾರತದ್ದು, ನಷ್ಟ ಇಂಗ್ಲೆಂಡಿನದು, ಯಾಕೆಂದರೆ ಕೋವಿಡ್‌ಗೆ ವಿಮೆ ಇರಲಿಲ್ಲ. ಬಿಟ್ಟುಕೊಟ್ಟದ್ದು ಎಂದಾದರೆ ಸರಣಿ 2–2, ವಿಮೆಯ ಬಾಗಿಲೂ ತೆರೆದೀತು. ಇಂಗ್ಲೆಂಡ್ ಐಸಿಸಿಗೆ ಪತ್ರ ಬರೆದು ತೀರ್ಮಾನ ಕೇಳಿತು. ತೀರ್ಮಾನ ಬರುವ ಮೊದಲೇ ಎರಡೂ ಮಂಡಳಿ ಕೂತು ಬಗೆಹರಿಸಿಕೊಂಡವು: ಅದೇ ಟೆಸ್ಟ್ ಮುಂದಿನ ವರ್ಷ ಆಡುವುದು. 2022ರ ಜುಲೈ 1ರಂದು ಎಜ್‌ಬಾಸ್ಟನ್‌ನಲ್ಲಿ ಆಡಿದರು. ಭಾರತದ ನಾಯಕ ಬೇರೆ, ತರಬೇತುದಾರ ಬೇರೆ, ಇಂಗ್ಲೆಂಡಿನದೂ ಹಾಗೆಯೇ. ಇಂಗ್ಲೆಂಡ್ 378 ಬೆನ್ನಟ್ಟಿ ಏಳು ವಿಕೆಟ್‌ಗಳಿಂದ ಗೆದ್ದು ಸರಣಿ ಸಮ ಮಾಡಿಕೊಂಡಿತು. ಹಣದ ಜೊತೆ ಸರಣಿಯನ್ನೂ ವಾಪಸು ಕೊಟ್ಟ ಹಾಗಾಯಿತು.

2021ರ ಅದೇ ಸೆಪ್ಟೆಂಬರ್ 17ರಂದು ರಾವಲ್ಪಿಂಡಿಯಲ್ಲಿ, 18 ವರ್ಷದ ನಂತರ ಪಾಕಿಸ್ತಾನಕ್ಕೆ ಬಂದಿದ್ದ ನ್ಯೂಜಿಲೆಂಡ್ ಮೊದಲ ಪಂದ್ಯಕ್ಕೆ ಕೆಲವೇ ನಿಮಿಷ ಇರುವಾಗ ಬೆದರಿಕೆಯ ಮಾಹಿತಿ ಬಂದಿದೆ ಎಂದು ಹೊರಟುಬಿಟ್ಟಿತು. ಆ ಮಾಹಿತಿ ಏನೆಂದು ಆತಿಥೇಯರಿಗೂ ಹೇಳಲಿಲ್ಲ. ಮೂರು ದಿನಕ್ಕೆ ಇಂಗ್ಲೆಂಡೂ ತನ್ನ ಪ್ರವಾಸ ಕೈಬಿಟ್ಟಿತು. ಪಿಸಿಬಿ ಅಧ್ಯಕ್ಷ ರಮೀಜ್ ರಾಜಾ ಕೆಂಡವಾದರು. ಕೊನೆಗೆ ಪರಿಹಾರ ಬಂದದ್ದು ಅದೇ ನಾಣ್ಯದಲ್ಲಿ. ಇಂಗ್ಲೆಂಡ್ 2022ರಲ್ಲಿ ಐದರ ಬದಲು ಏಳು ಟಿ20 ಆಡಿತು. ನ್ಯೂಜಿಲೆಂಡ್ ಮೊದಲೇ ಗೊತ್ತಾಗಿದ್ದ ಟೆಸ್ಟ್ ಪ್ರವಾಸದ ಜೊತೆಗೆ 2023ರ ಏಪ್ರಿಲ್‌ನಲ್ಲಿ ಮತ್ತೆ ಬಂದು ಐದು ಟಿ20, ಐದು ಏಕದಿನ ಆಡಿ ಹೋಯಿತು. 2021ರ ಆರಂಭದಲ್ಲಿ ಆಸ್ಟ್ರೇಲಿಯಾ ಕೋವಿಡ್ ಕಾರಣ ಕೊಟ್ಟು ದಕ್ಷಿಣ ಆಫ್ರಿಕಾ ಪ್ರವಾಸ ತಪ್ಪಿಸಿದಾಗ ದಕ್ಷಿಣ ಆಫ್ರಿಕಾ ಐಸಿಸಿಗೆ ದೂರು ಕೊಟ್ಟಿತು, ಅದೂ ತೀರ್ಪಿನವರೆಗೆ ಮುಟ್ಟಲಿಲ್ಲ.

ಪಂದ್ಯಕ್ಕೆ ಪಂದ್ಯವೇ ನಾಣ್ಯವಾಗಲು ಕಾರಣ ಸರಳ. ಊರಲ್ಲಿ ಒಂದೇ ಬಾವಿ ಇದ್ದರೆ ಬಾವಿಯ ಯಜಮಾನನ ಮೇಲೆ ದಾವೆ ಹೂಡುವ ಮೊದಲು ನಾಳೆಯ ನೀರಿನ ಯೋಚನೆ ಬರುತ್ತದೆ. ಟೆಸ್ಟ್ ಆಡುವ ಪೂರ್ಣ ಸದಸ್ಯ ದೇಶಗಳು ಇರುವುದೇ ಹನ್ನೆರಡು. ದಾವೆ ಗೆದ್ದರೂ ಮುಂದಿನ ವರ್ಷ ಅವರ ಜೊತೆಯೇ ಆಡಬೇಕು. ಆಡದಿದ್ದರೆ ಗೆದ್ದ ಹಣಕ್ಕಿಂತ ಹೆಚ್ಚು ನಷ್ಟ. ಹೀಗಾಗಿ ಬಿಲ್ಲು ಎಂಬುದು ವಸೂಲಿಗೆ ಬರೆದದ್ದಲ್ಲ, ಮಾತುಕತೆಗೆ ಕರೆಯಲು ಬರೆದದ್ದು. ಆದರೆ ಈ ಮುಯ್ಯಿ ಎಲ್ಲರಿಗೂ ಸಮವಲ್ಲ. ಭಾರತದ ಒಂದು ಪ್ರವಾಸ ಸಣ್ಣ ಮಂಡಳಿಯೊಂದರ ಖಜಾನೆಗೆ ವರ್ಷಗಳ ಆಹಾರ; ಆ ಮಂಡಳಿಯ ಪ್ರವಾಸ ಭಾರತಕ್ಕೆ ಒಂದು ಋತುವಿನ ಸರಕು. ಭಾರತ ಬರುವುದಿಲ್ಲ ಎಂದರೆ ಕೇಳುವ ಧೈರ್ಯ ಯಾರಿಗಿದೆ? ಕೇಳಿದ ಒಬ್ಬರು ದುಬೈಯಿಂದ ಖರ್ಚು ಕಟ್ಟಿ ವಾಪಸಾದರು. ವೆಸ್ಟ್ ಇಂಡೀಸ್ ಮೇಲೆ ಬಿಸಿಸಿಐ ಹೊರಿಸಿದ 250 ಕೋಟಿ ಮತ್ತು ಪಾಕಿಸ್ತಾನಕ್ಕೆ ಬಿಸಿಸಿಐ ಕೊಡದ ಸರಣಿಗಳು, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿದರೆ ನಮ್ಮ ಮಂಡಳಿಗೆ ಎರಡು ಬಗೆಯ ಕಲ್ಲು ಇದೆ ಎನ್ನದೆ ವಿಧಿಯಿಲ್ಲ.

ಇದನ್ನು ಸರಿಪಡಿಸುವುದು ಅಸಾಧ್ಯವೇನಲ್ಲ. ಪತ್ರ, ಇಂಗಿತ, ಕೈಕುಲುಕು ಬಿಟ್ಟು ಪ್ರತಿ ಪ್ರವಾಸಕ್ಕೂ ಸಹಿಯಾದ ಪೂರ್ಣ ಕರಾರು ಬೇಕು. ಯಾವ ಪಂದ್ಯ ತಪ್ಪಿದರೆ ಎಷ್ಟು ಎಂದು ಮೊದಲೇ ಗೊತ್ತುಮಾಡಿದ ಮೊತ್ತ ಅದರಲ್ಲಿರಬೇಕು. ನಮ್ಮ ಕರಾರು ಕಾನೂನಿನ 74ನೇ ಕಲಂ ಅಂಥ ಮೊತ್ತವನ್ನು ಮಿತಿಯಾಗಿ ಒಪ್ಪುತ್ತದೆ. ಆಟಗಾರರ ಕರಾರಿಗೆ ಸಹಿ ಬೀಳದೆ ತಂಡ ವಿಮಾನ ಹತ್ತಬಾರದು. 2014ರಲ್ಲಿ ಈ ಒಂದು ನಿಯಮ ಇದ್ದಿದ್ದರೆ ಧರ್ಮಶಾಲಾ ಪ್ರಸಂಗವೇ ನಡೆಯುತ್ತಿರಲಿಲ್ಲ. ಭದ್ರತೆಯ ಕಾರಣಕ್ಕೆ ಹೊರಡುವವರು ಆ ಮಾಹಿತಿಯನ್ನು ಮೂರನೆಯ ತಟಸ್ಥರ ಮುಂದಾದರೂ ಇಡಬೇಕು. ಇದರಲ್ಲಿ ಯಾವುದೂ ಹೊಸ ಕಲ್ಪನೆಯಲ್ಲ. ಒಪ್ಪದಿರುವವರು ಯಾರು ಎಂದರೆ ಬಾವಿಯ ಯಜಮಾನರು. ಕಾಗದ ಸಡಿಲವಾಗಿದ್ದಷ್ಟೂ ಹಗ್ಗ ಅವರ ಕೈಯಲ್ಲಿ.

ಇಷ್ಟೆಲ್ಲ ಲೆಕ್ಕದಲ್ಲಿ ಒಬ್ಬನ ಹೆಸರು ಎಲ್ಲೂ ಬರುವುದಿಲ್ಲ. ಟಿಕೆಟ್ ಕೊಂಡವನು, ರಜೆ ಹಾಕಿದವನು, ದಾವಣಗೆರೆಯಿಂದಲೋ ಹಾಸನದಿಂದಲೋ ರಾತ್ರಿ ಬಸ್ಸು ಹಿಡಿದು ಬರಲಿದ್ದವನು. ಟಿಕೆಟ್ಟಿನ ದುಡ್ಡು ವಾಪಸು ಸಿಕ್ಕೀತು, ಆಟ ಸಿಗುವುದಿಲ್ಲ. ಭಾರತ–ಪಾಕಿಸ್ತಾನ ನಡುವಿನ ಕೊನೆಯ ಟೆಸ್ಟ್ ನಡೆದದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ, 2007ರ ಡಿಸೆಂಬರ್‌ನಲ್ಲಿ, ಕುಂಬ್ಳೆ ನಾಯಕತ್ವದಲ್ಲಿ; ಡ್ರಾ ಆಯಿತು. ಆಮೇಲೆ ಎರಡೂ ದೇಶ ಟೆಸ್ಟ್‌ನಲ್ಲಿ ಎದುರಾಗಿಲ್ಲ. ಇನ್ನು 2014ರ ನವೆಂಬರ್ 7ರಂದು ಇಲ್ಲಿ ಶುರುವಾಗಬೇಕಿದ್ದ ವೆಸ್ಟ್ ಇಂಡೀಸ್ ಟೆಸ್ಟ್. 1974ರಲ್ಲಿ ಗ್ರೀನಿಜ್, ವಿವ್ ರಿಚರ್ಡ್ಸ್ ತಮ್ಮ ಮೊದಲ ಟೆಸ್ಟ್ ಆಡಿದ ಮೈದಾನ ಇದು. ವೆಸ್ಟ್ ಇಂಡೀಸ್ ಆಮೇಲೆ ಹಲವು ಸಲ ಭಾರತಕ್ಕೆ ಬಂದಿದೆ, ಬೆಂಗಳೂರಿನ ಬಾಕಿ ಹಾಗೆಯೇ ಇದೆ. ಅವರು ಇಲ್ಲಿ ಕೊನೆಯದಾಗಿ ಟೆಸ್ಟ್ ಆಡಿದ್ದು 1978ರ ಡಿಸೆಂಬರ್‌ನಲ್ಲಿ. ಇಂದಿರಾ ಗಾಂಧಿ ಬಂಧನದ ಗಲಾಟೆಯಿಂದ ಅದರ ಕೊನೆಯ ದಿನವೂ ಆಟ ನಡೆಯಲಿಲ್ಲ.